ಹಕ್ಕಿ ಅಂಗಡಿಯ ಎದುರು

ಭಾನುವಾರ ಸಂಜೆ
ಹೊಲಿಗೆ ಅಂಗಡಿಯಿಂದ

ಪ್ರೀತಿಯ ಅಕ್ಕನಿಗೆ, ಮತ್ತು ನಿನ್ನ ಹೆಗಲ ಮೇಲಿಂದ ಇಣುಕಿ ಇದನ್ನು ಓದುತ್ತಿರುವ ಭಾವನವರಿಗೆ,

ನಿನ್ನ ಕಾಗದ ಸಿಕ್ಕಿತು. ಅಕ್ಷರ ನಿನ್ನದು, ಮಾತು ಭಾವನದು. ನನಗೆ ಬೈಯಬೇಕಾದರೆ ನೀನು "ಈ ಮೂಲಕ ತಿಳಿಯಪಡಿಸುವುದೇನೆಂದರೆ" ಅಂತ ಶುರು ಮಾಡುವವಳಲ್ಲ, "ಲೇ ಕತ್ತೆ" ಅಂತ ಶುರು ಮಾಡುವವಳು. ಇರಲಿ. ಇನ್ನು ಮುಂದೆ ಭಾವನ ಹಕ್ಕಿ ಅಂಗಡಿಯ ಮುಂದೆ ಬ್ಯಾನರು ಹಿಡಿದು ನಿಲ್ಲಕೂಡದು, ನಿಂತರೆ ನಿಮ್ಮ ಮನೆಯ ಹೊಸಿಲು ತುಳಿಯಕೂಡದು ಎಂದು ಬರೆದಿದ್ದೀಯ. ಉತ್ತರ ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಕಾಯಿಸುವುದು ಬೇಡ. ಬರುವ ಭಾನುವಾರವೂ ನಾನು ಅಲ್ಲೇ ನಿಂತಿರುತ್ತೇನೆ. ಅದರ ಮುಂದಿನ ಭಾನುವಾರವೂ.

ನನಗೆ ಯಾರೋ ತಲೆ ಕೆಡಿಸಿದ್ದಾರೆ ಅಂತಲೂ ಬರೆದಿದ್ದೀಯ. ಯಾರೂ ಕೆಡಿಸಿಲ್ಲ, ಭಾವನೇ ಕೆಡಿಸಿದ್ದು. ತನ್ನ ಕತ್ತರಿ ಮೊಂಡಾಗಿದೆ ಅಂತ ಒಂದು ದಿನ ನನ್ನದನ್ನು ತರಿಸಿಕೊಂಡರು. ಬಟ್ಟೆ ಕತ್ತರಿಸುವ ಕತ್ತರಿಯಲ್ಲಿ ಕಾಗದ ಕತ್ತರಿಸಿದರೂ ನಾನು ರಂಪ ಮಾಡುವವಳು, ನಿನಗೆ ಗೊತ್ತಲ್ಲ. ವಾಪಸು ಬಂದಾಗ ಅದರ ತಿರುಪಿನ ಹತ್ತಿರ ಹಸಿರು ಪುಕ್ಕದ ಚೂರು ಸಿಕ್ಕಿಕೊಂಡಿತ್ತು. ಜಗಳ ಕಾಯಲೆಂದೇ ಹೋದೆ. ಹಿಂದಿನ ಕೋಣೆಯ ಪರದೆ ಸರಿಸಿದರೆ, ಭಾವ ಒಂದು ಗಿಳಿಯನ್ನು ಮುಷ್ಟಿಯಲ್ಲಿ ಹಿಡಿದು ರೆಕ್ಕೆಯ ಗರಿ ಕತ್ತರಿಸುತ್ತಿದ್ದರು. "ಉಗುರು ಕತ್ತರಿಸ್ದಂಗೆ ಅಷ್ಟೇ, ನೋವೇ ಆಗಲ್ಲ" ಅಂದರು. ಆಗದೆ ಇರಬಹುದು. ಆದರೆ ಕೆಳಗೆ ಬಿಟ್ಟ ಮೇಲೆ ಆ ಗಿಳಿ ಓಡಿತು, ಹಾರಿತು, ಮುಖ ಅಡಿಯಾಗಿ ಬಿದ್ದಿತು. ಎದ್ದು ತನ್ನ ರೆಕ್ಕೆಯನ್ನು ನೋಡಿಕೊಂಡಿತು. ಮತ್ತೆ ಹಾರಿತು, ಮತ್ತೆ ಬಿದ್ದಿತು. ಭಾವ ನಕ್ಕರು. ನನಗೆ ಕತ್ತರಿಯ ಜಗಳ ಮರೆತೇ ಹೋಯಿತು.

ಆಮೇಲೆ ಕೋಣೆಯನ್ನು ಪೂರ್ತಿ ನೋಡಿದೆ. ಒಂದರ ಮೇಲೊಂದು ಪೇರಿಸಿದ ಪಂಜರಗಳು, ಮೇಲಿನವುಗಳ ಹಿಕ್ಕೆಯೆಲ್ಲ ಕೆಳಗಿನವುಗಳ ತಲೆಯ ಮೇಲೆ. ಕಾಡಿನಿಂದ ಹಿಡಿದು ತಂದ ಮರಿಗಳು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ. ರಾತ್ರಿ ಸತ್ತವು ಬೆಳಿಗ್ಗೆ ಷಟರ್ ಎತ್ತುವ ಮೊದಲೇ ಕಸದ ಬುಟ್ಟಿಗೆ. ನಿನಗೇನು ಗೊತ್ತಿರುತ್ತದೆ ಹೇಳು. ನೀನು ಆ ಕೋಣೆಗೆ ಕಾಲಿಡುವವಳೇ ಅಲ್ಲ.

ಹೋರಾಟ ಹೇಗೆ ಶುರು ಮಾಡಬೇಕು ಅಂತ ನನಗೆ ಎಲ್ಲಿ ಗೊತ್ತಿತ್ತು! ನನ್ನ ಅಂಗಡಿಯ ಎದುರಿನ ಕಟಿಂಗ್ ಶಾಪಿನ ಅಣ್ಣನ ಹತ್ತಿರ ಹೊಟ್ಟೆಯ ಸಂಕಟ ಹೇಳಿಕೊಂಡೆ. ಅವನು ಗಡ್ಡ ಕೆರೆಸಿಕೊಳ್ಳಲು ಬಂದವರಿಗೆಲ್ಲ ಹೇಳಿದ. ಕೊನೆಗೆ ನಿಂತವರು ಮೂವರು: ನಾನು, ಅವನು, ಮತ್ತು ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದ ರೈಟ್‌ರೈಟ್ ಅಮ್ಮ. ಅವರ ಗಂಟಲಿದ್ದರೆ ಮೈಕು ಬೇಕಾಗಿಲ್ಲ.

ಬ್ಯಾನರು ನನ್ನ ಪಾಲಿಗೆ ಬಂತು. ಹೊಲಿಗೆಯವಳ ಬುದ್ಧಿ ಎಲ್ಲಿ ಹೋಗುತ್ತದೆ? ಮಿರುಗುವ ದಾರ ತಂದು, ಕಣ್ಣು ಕುಕ್ಕುವಂತೆ ಒಂದು ಗಿಳಿಯ ಕಸೂತಿ ಹಾಕಿದೆ. ಕುತ್ತಿಗೆಗೆ ಕೆಂಪು ಪಟ್ಟಿ, ಬಾಲಕ್ಕೆ ಮೂರು ಬಗೆಯ ಹಸಿರು. ಕೆಳಗೆ "ನನಗೆ ಆಕಾಶ ಬೇಕು" ಎಂಬ ಸಾಲು. ಜನ ನಿಂತರು, ನಿಜ. ಒಬ್ಬ ಹೆಂಗಸು ಇದೇ ಗಿಳಿಯನ್ನು ತನ್ನ ದಿಂಬಿನ ಚೀಲಕ್ಕೆ ಹಾಕಿಕೊಡುತ್ತೀಯಾ ಅಂತ ಕೇಳಿದಳು. ಮಗಳನ್ನು ಕರೆದುಕೊಂಡು ಬಂದಿದ್ದ ಒಬ್ಬರು ನನ್ನ ಬ್ಯಾನರನ್ನು ಚೆನ್ನಾಗಿ ನೋಡಿ, ಸೀದಾ ಒಳಗೆ ಹೋಗಿ ಅದೇ ಬಣ್ಣದ ಗಿಳಿ ಕೊಂಡುಕೊಂಡು ಹೋದರು! ಭಾವ ನಮಗೆ ಚಹಾ ತಂದುಕೊಟ್ಟು, "ಏನಮ್ಮ ನಾದಿನಿ, ದುಡ್ಡು ಕೊಟ್ಟು ಬೋರ್ಡ್ ಬರೆಸಿದ್ರೂ ಇಂಥಾ ವ್ಯಾಪಾರ ಆಗ್ತಿರ್ಲಿಲ್ಲ. ಮುಂದಿನ ವಾರ ಒಂದು ಮೈನಾನೂ ಹೊಲ್ಕೊಂಡ್ ಬಾ" ಅಂದರು. ಅವಮಾನಕ್ಕೆ ಅಳು ಬಂತು.

ಆ ಗಿಳಿಯನ್ನು ಎಳೆಎಳೆಯಾಗಿ ಬಿಚ್ಚಿದೆ ಅಕ್ಕ. ಬಿಚ್ಚುವಾಗಲೇ ಹೊಳೆದದ್ದು: ಚಂದ ತೋರಿಸುವ ಕೆಲಸ ಭಾವನದು, ಅಳತೆ ತೋರಿಸುವ ಕೆಲಸ ನನ್ನದು. ಭಾವ ಇಲ್ಲದ ಹೊತ್ತಿನಲ್ಲಿ ಟೇಪು ತೆಗೆದುಕೊಂಡು ಹೋಗಿ ಗಿರಾಕಿಯಂತೆ ನಿಂತು ಪಂಜರ ಅಳೆದೆ. ಹೊಸ ಬ್ಯಾನರಿನಲ್ಲಿ ಚಿತ್ರವಿಲ್ಲ, ಕಪ್ಪು ದಾರದ ಎರಡು ಗೆರೆ ಮಾತ್ರ. ಉದ್ದನೆಯ ಗೆರೆಯ ಪಕ್ಕ "ರೆಕ್ಕೆ ಬಿಚ್ಚಿದರೆ ಇಷ್ಟು", ಗಿಡ್ಡ ಗೆರೆಯ ಪಕ್ಕ "ಪಂಜರ ಇಷ್ಟು". ಇದನ್ನು ಯಾರೂ ದಿಂಬಿಗೆ ಹಾಕಿಕೊಡು ಅನ್ನಲಿಲ್ಲ. ಮಕ್ಕಳು ಬಂದು ಎರಡೂ ಕೈ ಚಾಚಿ ಗೆರೆಯನ್ನು ಅಳೆದು ನೋಡಿದರು. ರೈಟ್‌ರೈಟ್ ಅಮ್ಮ "ಒಳಗಡೆ ಜಾಗ ಇಲ್ಲ, ನಿಂತ್ಕೊಳ್ಳೋಕೂ ಜಾಗ ಇಲ್ಲ, ಯಾರೂ ಹತ್ಬೇಡಿ" ಅಂತ ಬಸ್ಸಿನ ಬಾಗಿಲಲ್ಲಿ ನಿಂತ ಹಾಗೆಯೇ ಕೂಗಿದರು. ಆ ದಿನ ಅಂಗಡಿಯಿಂದ ಒಂದು ಹಕ್ಕಿಯೂ ಮಾರಾಟವಾಗಿ ಹೊರಗೆ ಬರಲಿಲ್ಲ.

ಕಾಡಿನ ಹಕ್ಕಿ ಮಾರುವುದು ಕಾನೂನಿಗೆ ವಿರುದ್ಧ. ಹಾಗಾಗಿ ಅರಣ್ಯ ಇಲಾಖೆಗೆ ದೂರನ್ನೂ ಕೊಟ್ಟೆವು. ಮೊದಲ ಸಲ ಅಧಿಕಾರಿಗಳು ಬಂದಾಗ ಹಿಂದಿನ ಕೋಣೆ ತೊಳೆದಿಟ್ಟ ತಟ್ಟೆಯಂತೆ ಖಾಲಿ. ಕಳೆದ ವಾರ ಮಾತ್ರ ಪೆಟ್ಟಿಗೆ ಇಳಿದ ದಿನವೇ ಬಂದರು, ಮರಿಗಳನ್ನು ತೆಗೆದುಕೊಂಡು ಹೋದರು. ಯಾರು ಹೇಳಿಕೊಟ್ಟರು ಅಂತ ಭಾವ ಊರೆಲ್ಲ ವಿಚಾರಿಸುತ್ತಿದ್ದಾರಂತೆ. ಯಾಕೆ ಸುಮ್ಮನೆ ಕಷ್ಟ? ಕಟಿಂಗ್ ಶಾಪಿನ ಮಹಡಿಯ ಕಿಟಕಿಯಿಂದ ನಿಮ್ಮ ಹಿಂಬಾಗಿಲು ಕಾಣುತ್ತದೆ ಭಾವ. ನೋಡಿದವರು ನಾವೇ, ಹೇಳಿದವರೂ ನಾವೇ. ಏನು ಮಾಡುತ್ತೀರೋ ಮಾಡಿಕೊಳ್ಳಿ.

"ಅನ್ನ ಹಾಕಿದ ಮನೆಯ ಹೊಟ್ಟೆಗೆ ಹೊಡೆಯುತ್ತಿದ್ದಾಳೆ" ಎಂಬ ಸಾಲು ಓದಿ ಸಂಕಟವಾಯಿತು. ಅದು ಸುಳ್ಳೆಂದು ಹೇಳಲಾರೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ನೀನು, ಹೊಲಿಗೆ ಕಲಿಸಿದ್ದು ನೀನು, ಈ ಮೆಷಿನ್ನು ಬಂದದ್ದು ಅದೇ ಅಂಗಡಿಯ ದುಡ್ಡಿನಲ್ಲಿ. ನಿಮ್ಮ ಮನೆಯವರ ಬಟ್ಟೆಯನ್ನು ಸಾಯುವವರೆಗೂ ಹೊಲಿದುಕೊಡುತ್ತೇನೆ. ಬಾಯಿ ಹೊಲಿದುಕೋ ಅಂದರೆ ಆಗದು. ಭಾವ ಕಾಳು ಮಾರಲಿ, ನಾಯಿಯ ಬೆಲ್ಟು ಮಾರಲಿ. ಅಂಗಡಿ ಮುಚ್ಚಿಸುವ ಹಟ ನನಗಿಲ್ಲ, ಆ ಹಿಂದಿನ ಕೋಣೆ ಮುಚ್ಚಿಸುವ ಹಟ ಖಂಡಿತ ಇದೆ.

ಹೊಸಿಲು ತುಳಿಯಬೇಡ ಅಂದಿದ್ದೀರಿ, ತುಳಿಯುವುದಿಲ್ಲ. ನಿನ್ನನ್ನು ನೋಡದೆ ಇರುವುದು ನನಗೆ ಸುಲಭ ಅಂದುಕೊಳ್ಳಬೇಡ. ಆದರೂ ಬರುವುದಿಲ್ಲ. ನೀನು ಸರಿಮಾಡಲು ಕೊಟ್ಟಿದ್ದ ಬೂದು ಕೋಟಿನ ಉದ್ದ ಕಡಿಮೆ ಮಾಡಿ ಇದರ ಜೊತೆ ಕಳಿಸಿದ್ದೇನೆ. ಹಾಕಿಕೊಂಡು ನೋಡು.

ಇಂತಿ,
ಯಾರ ಮಾತೂ ಕೇಳದ
ನಿನ್ನ ತಂಗಿ

ತಾ.ಕ. ಅಕ್ಕಾ, ಇದು ನಿನಗೊಬ್ಬಳಿಗೇ. ಅದಕ್ಕೇ ಈ ಚೀಟಿಯನ್ನು ಕಾಗದದ ಜೊತೆ ಇಡದೆ ಕೋಟಿನ ಅಂಚಿನೊಳಗೆ ಇಟ್ಟು ಹೊಲಿದೆ. ಬೂದು ಬಟ್ಟೆಗೆ ಕೆಂಪು ದಾರ, ಅದೂ ಸೊಟ್ಟ ಹೊಲಿಗೆ. ಇದನ್ನು ನೋಡಿ ಬಿಚ್ಚದೆ ಬಿಡುವ ಜನ್ಮ ನಿನ್ನದಲ್ಲ.

ಆ ಮಹಡಿಯ ಕಿಟಕಿಯಿಂದ ಪಕ್ಕದ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಕಟಿಂಗ್ ಶಾಪಿನ ಅಣ್ಣನೇ "ನನ್ ಹೆಸ್ರು ಬರಿ, ನೋಡ್ಬೇಕು ಅಂತ ಮೇಲೆ ಬಂದ್ರೆ ಅರ್ಧ ತಲೆ ಬೋಳಿಸಿ ಕಳಿಸ್ತೀನಿ" ಅಂದ. ಭಾವನ ಕಣ್ಣು ಅವನ ಮೇಲೆ ಇರಲಿ, ಮನೆಯೊಳಗೆ ತಿರುಗುವುದು ಬೇಡ. ಇನ್ನು ಸ್ವಲ್ಪ ದಿನ ಫೋನು ಮಾಡಬೇಡ. ಅವರಿಗೆ ಗೊತ್ತಾಗಿ ಮನೆಯಲ್ಲಿ ಮಾತು ಬೆಳೆದರೆ, ಉಟ್ಟ ಬಟ್ಟೆಯಲ್ಲೇ ಬಂದುಬಿಡು. ನನ್ನ ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ನಿನಗೆ ಹಾಸಿಗೆ ಹಾಸಿಟ್ಟಿದ್ದೇನೆ.

ಗೊತ್ತೇ ಆಗಿಲ್ಲ ಅಂದುಕೊಂಡಿದ್ದೆಯಾ? ಕಳೆದ ವಾರ ನೀನು ಬಾಯಿಗೆ ಬಟ್ಟೆ ಅಡ್ಡ ಹಿಡಿದು, ಗಂಡಸಿನ ದನಿ ಮಾಡಿ, "ಪೆಟ್ಗೆ ಇವತ್ತು ಬಂದಿದೆ, ಹಿಂದಿನ್ ರೂಮ್ನಲ್ಲಿದೆ" ಅಂದೆ. ಅಷ್ಟಕ್ಕೇ ಫೋನು ಇಟ್ಟಿದ್ದರೆ ನಾನೂ ಮೋಸ ಹೋಗುತ್ತಿದ್ದೆ. ಗುಟ್ಟು ಹೇಳಲು ಫೋನು ಮಾಡಿದವರು ಇಡುವ ಮೊದಲು "ಊಟ ಆಯ್ತಾ?" ಅಂತ ಕೇಳುತ್ತಾರೇನೇ?

ನಾನು ಉತ್ತರ ಕೊಡುವ ಮೊದಲೇ ನೀನು ಇಟ್ಟುಬಿಟ್ಟೆ. ಆಗಿತ್ತು ಅಕ್ಕಾ.