ಹಿಟ್ಟು ಉಬ್ಬದ ಚಳಿ

ನಾಸಿಕ, ೯ ಜನವರಿ ೧೯೬೮, ಮಂಗಳವಾರ

ಸಂಪಾದಕರು ಎರಡು ಸಲ ಹಿಂದಕ್ಕೆ ಕಳಿಸಿದ ಕತೆ ಬೆಳಗಿನಿಂದ ತಲೆ ತಿನ್ನುತ್ತಿತ್ತು. ಉಡುಪಿ ಕಡೆಯ ಅಡುಗೆಯವನೊಬ್ಬ ತನ್ನ ಪಾಡನ್ನು ತಾನೇ ಹೇಳುವ ಕತೆ ಅದು. ‘ಪಾತ್ರಕ್ಕೆ ದನಿಯಿಲ್ಲ’ ಎಂಬುದು ಅವರ ದೂರು. ಮಧ್ಯಾಹ್ನ ಗಿರಾಕಿಗಳು ಕರಗಿದ ಮೇಲೆ, ನಾನು ಊಟ ಮಾಡುವ ಹೋಟೆಲಿನ ಅಡುಗೆಯ ಕಿಟ್ಟಣ್ಣನಿಗೇ ಓದಿ ಹೇಳಿದೆ. ‘ಹೇಮಂತದ ಹಿಮಶೀತಲ ಮಾರುತವು ನನ್ನನ್ನು ಆಲಿಂಗಿಸಿತು’ ಎಂಬಲ್ಲಿ ಅವನು ತಡೆದ.

“ಇದು ಅಡುಗೆಯವ ಹೇಳುದಾ, ನಿಮ್ಮ ಕಾಲೇಜು ಹೇಳುದಾ ಮಾಷ್ಟ್ರೇ?”

“ಚಳಿ ಇದೆ ಅಂತ ಓದುಗರಿಗೆ ತಿಳಿಯಬೇಡವೇ?”

“ಹಿಟ್ಟು ಉಬ್ಬಲಿಲ್ಲ ಅಂತ ಬರೆಯಿರಿ ಮಾರಾಯ್ರೆ. ಇಲ್ಲಿಯ ಚಳಿಗೆ ನನ್ನ ಕಂಬಳಿಯನ್ನು ಹಿಟ್ಟಿನ ಪಾತ್ರೆಗೆ ಹೊದಿಸಿ ನಾನು ನಡುಗ್ತಾ ಮಲಗುದು.”

ಹಿಮ, ಮಾರುತ, ಆಲಿಂಗನ ಮೂವರಿಗೂ ರಜೆ ಕೊಟ್ಟೆ. ಪಾತ್ರೆಗೆ ಕಂಬಳಿ ಹೊದಿಸಿದ್ದೇ ತಡ, ಪಾತ್ರ ಬೆಚ್ಚಗಾಗಿ ಬಾಯಿ ಬಿಟ್ಟಿತು. ಎಂ.ಎ.ಯಲ್ಲಿ ಎರಡು ವರ್ಷ ಶೈಲಿಯ ಮೇಲೆ ಟಿಪ್ಪಣಿ ಬರೆದವನಿಗೆ ಇದು ಹೊಳೆಯದೆ ಹೋದದ್ದು ನೆನೆದು ಈಗಲೂ ನಗು.

ಸಂಜೆ ತಿದ್ದಿದ್ದನ್ನು ಓದಿ, ಹೊಗಳಿಕೆಗೆ ಕಾದು ಕೂತೆ. ಕಿಟ್ಟಣ್ಣ ನಾನು ಎದುರಿಗಿದ್ದದ್ದನ್ನೇ ಮರೆತಂತಿದ್ದ. ಚಿಂತೆಯಿಂದ ಕೇಳಿದ:

“ಪಾಪ, ಕಡೆಗೆ ಅವನ ಹಿಟ್ಟು ಉಬ್ಬಿತಾ?”

ನಾಳೆ ಬೆಳಿಗ್ಗೆಯೇ ಟಪಾಲಿಗೆ ಹಾಕುತ್ತೇನೆ. ಸಂಪಾದಕರು ಮೂರನೆಯ ಸಲ ಹಿಂದಕ್ಕೆ ಕಳಿಸಿದರೂ ಸರಿ, ನಾನಂತೂ ಆಗಲೇ ಒಬ್ಬ ಓದುಗನನ್ನು ಗೆದ್ದಿದ್ದೇನೆ.