ಧ್ರುವದ ಬಿಸಿಗಾಳಿಯನ್ನು ಕಸಕ್ಕೆ ಹಾಕಿದವರಿಗೆ

ಹವಾಮಾನ ಮಾದರಿ ವಿಭಾಗದ ಮಾನ್ಯ ನಿರ್ದೇಶಕರೇ,

ನನ್ನ ತಂಗಿ ಸುಳ್ಳುಗಾತಿಯಲ್ಲ. ಧ್ರುವದ ನೆಲೆಯಲ್ಲಿದ್ದು ಹವಾಮಾನದ ಬಲೂನು ಹಾರಿಸುವ ಅವಳಿಗೆ, ‘ಮಾಪನಗಳು ನಂಬಲರ್ಹವಲ್ಲ’ ಎಂಬ ಕಾರಣಕ್ಕೆ ಕೆಲಸದಿಂದ ಏಕೆ ತೆಗೆಯಬಾರದು ಎಂದು ತಾವು ನೋಟಿಸು ಕೊಟ್ಟಿದ್ದೀರಿ. ಅದಕ್ಕೆ ಉತ್ತರ ಅವಳು ಬರೆಯುತ್ತಾಳೆ. ಈ ಪತ್ರ ನನ್ನದು.

ಈ ಚಳಿಗಾಲದ ನಡುವೆ ಧ್ರುವದ ಮೇಲಿನ ಎತ್ತರದ ಗಾಳಿ ಕೆಲವೇ ದಿನಗಳಲ್ಲಿ ಮೊದಲಿಗಿಂತ ನಲವತ್ತು ಡಿಗ್ರಿಯಷ್ಟು ಬಿಸಿಯೇರಿತು. ಹಾಗಾದಾಗ ಧ್ರುವವನ್ನು ಸುತ್ತುವ ಗಾಳಿಯ ಬಳೆ ಒಡೆದು ಅಲ್ಲಿನ ಚಳಿ ನಮ್ಮ ಕಡೆ ಜಾರಬಹುದು ಎಂದು ತಮ್ಮ ವಿಭಾಗವೇ ಹಂಚಿದ ಕರಪತ್ರದಲ್ಲಿದೆ. ತಂಗಿಯ ಬಲೂನು ಆ ಬಿಸಿಯನ್ನೇ ಅಳೆದು ಕಳಿಸಿತು. ಹವಾಮಾನದ ಮಾದರಿ ಓಡಿಸುವ ತಮ್ಮ ಘನ ಕಂಪ್ಯೂಟರ್ ಏನು ಮಾಡಿತು? ತನ್ನ ಮೂಗಿನ ನೇರಕ್ಕೇ ಯೋಚಿಸಿ, ತಾನು ಊಹಿಸಿದ್ದಕ್ಕೆ ತಾಳೆಯಾಗದ ಅಂಕಿ ತಪ್ಪೇ ಇರಬೇಕೆಂದು ಬಿಸಾಕಿತು. ಅವಳು ಬೇರೆ ಉಪಕರಣ ಕಟ್ಟಿ ಇನ್ನೊಂದು ಬಿಟ್ಟಳು, ಮತ್ತೊಂದು ಬಿಟ್ಟಳು. ಅವೂ ಕಸವಾದವು. “ಅಣ್ಣ, ಉಪಕರಣ ಕೆಟ್ಟಿದ್ರೆ ಒಂದೊಂದು ಒಂದೊಂದು ಥರ ಹೇಳ್ಬೇಕಿತ್ತು. ಮೂರೂ ಒಂದೇ ಮಾತು ಹೇಳ್ತಿವೆ” ಎಂದಳು ಫೋನಿನಲ್ಲಿ. ಕಂಪ್ಯೂಟರಿಗೆ ನಾಚಿಕೆಯಿಲ್ಲ, ಸರಿ. ತಮ್ಮ ಸಿಬ್ಬಂದಿಯಲ್ಲಿ ಒಬ್ಬರಿಗಾದರೂ ಆ ಕಸವನ್ನೊಮ್ಮೆ ಇಣುಕಿ ನೋಡಬೇಕೆನಿಸಲಿಲ್ಲವೇ?

ನಾನು ಕನ್ನಡಕದ ಅಂಗಡಿಯವನು. ಅಕ್ಷರ ಕಾಣುತ್ತಿಲ್ಲ ಎಂದು ಗಿರಾಕಿ ಹೇಳಿದರೆ ಗಾಜು ಬದಲಾಯಿಸುತ್ತೇನೆ. ತಮ್ಮ ವಿಭಾಗವಾಗಿದ್ದರೆ ಗಿರಾಕಿಯನ್ನೇ ಹೊರಗೆ ದಬ್ಬುತ್ತಿತ್ತು.

ಕಳೆದ ವಾರ ತಮ್ಮ ಕಚೇರಿಗೂ ಬಂದೆ. ಅಂಗಳದ ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿತ್ತು. ಒಳಗೆ ತಾವು ಕೋಟಿನ ಮೇಲೆ ಕೋಟು ಹಾಕಿ, ಮಫ್ಲರಿನಲ್ಲಿ ಕಿವಿ ಮುಚ್ಚಿ, ಹೀಟರಿಗೆ ಕಾಲು ಚಾಚಿ ಕೂತಿದ್ದಿರಿ. ಪರದೆಯ ಮೇಲಿದ್ದ ಈ ಋತುವಿನ ನಕ್ಷೆಯಲ್ಲಿ ನಮ್ಮ ಊರು ಬೆಚ್ಚಗೆ ಹಳದಿಯಾಗಿತ್ತು. ನಾನು ಚಳಿಯ ಮಾತೆತ್ತಿದಾಗ, ಕೈಗವಸಿನ ಬೆರಳಿನಿಂದ ಆ ಹಳದಿಯನ್ನು ತೋರಿಸಿ, “ಮಾಡೆಲ್‌ನಲ್ಲಿ ಚಳಿ ಇಲ್ವಲ್ಲ ಸ್ವಾಮಿ” ಎಂದಿರಿ. ನನಗೆ ನಗು ಬರಲಿಲ್ಲ, ಹೇಸಿಗೆಯಾಯಿತು. ಆಮೇಲೆ ತಾವು ಹೀಟರನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಿರಿ.

ಆದ್ದರಿಂದ ಕೇಳುತ್ತಿದ್ದೇನೆ. ನೋಟಿಸನ್ನು ಹಿಂತೆಗೆದುಕೊಳ್ಳಿ. ಬಿಸಾಕಿದ ಮೂರು ಬಲೂನುಗಳ ಅಂಕಿಗಳನ್ನು ಸೇರಿಸಿ ಮಾದರಿಯನ್ನು ಮತ್ತೆ ಓಡಿಸಿ, ಬಂದ ನಕ್ಷೆಯನ್ನು ಎಲ್ಲರೆದುರು ಇಡಿ. ಆಗಲೂ ನಮ್ಮೂರು ಹಳದಿಯಾಗಿಯೇ ಇದ್ದರೆ ತಂಗಿಯನ್ನು ನಾನೇ ವಾಪಸು ಕರೆಸಿ ಅಂಗಡಿಯಲ್ಲಿ ಕೂರಿಸುತ್ತೇನೆ. ಚಳಿಯ ನೀಲಿಯಾದರೆ, ಒಂದು ಚಳಿಗಾಲ ತಾವು ಅಲ್ಲಿಗೆ ಹೋಗಿ ಬಲೂನಿನ ದಾರ ಹಿಡಿದು ನಿಲ್ಲಬೇಕು. ಹೀಟರನ್ನು ಇಲ್ಲೇ ಬಿಟ್ಟು ಹೋಗಿ.

ಕೆಲಸ ಹೋಗುವ ಭಯದಲ್ಲೂ ಅವಳು ಇವತ್ತು ಬೆಳಿಗ್ಗೆ ಬಲೂನು ಬಿಟ್ಟಿದ್ದಾಳೆ. ಅಂಕಿ ತಮ್ಮಲ್ಲಿಗೆ ಬಂದಿರುತ್ತದೆ. ದಯವಿಟ್ಟು ಯಾರಾದರೂ ಓದಿ.

ಇಂತಿ,
ತಮ್ಮ ನಕ್ಷೆಯಲ್ಲಿಲ್ಲದ ಚಳಿಗೆ ಎರಡು ಸ್ವೆಟರ್ ಹಾಕಿಕೊಂಡು ಬರೆದ,
ನಂಬಲರ್ಹಳಲ್ಲದವಳ ಅಣ್ಣ