ಬಲಗೈ ಬಾಕಿ

ನವೆಂಬರ್ 7

ಒಲೆ ಹಚ್ಚಿ, ಬೆಕ್ಕಿಗೆ ಹಾಲಿಟ್ಟು, ಕಾಫಿ ಕುಡಿದು ಇಸ್ತ್ರಿಗೆ ಕೂತೆ. ಭಾನುವಾರ ಮಾರ್ತಿನ್ ಹಬ್ಬದ ಸಂತೆ. ಹೆಣೆದ ಕೈಗವಸುಗಳ ಮೇಲೆ ಒದ್ದೆ ಬಟ್ಟೆ ಹಾಸಿ ಒಂದೊಂದೇ ಒತ್ತುತ್ತಾ ಬಂದೆ. ಹಳದಿ ನಕ್ಷತ್ರದ ಜೋಡಿ ಕೈಗೆ ಬಂತು. ಈ ವರ್ಷ ಹೆಣೆದದ್ದರಲ್ಲೆಲ್ಲ ಚೆಂದದ್ದು. ಕಡುನೀಲಿ ಮೈ, ಬರ್ಚ್ ಮರದ ಎಲೆ ಕುದಿಸಿ ತೆಗೆದ ಹಳದಿ... ಎರಡನ್ನೂ ಪಕ್ಕಪಕ್ಕ ಇಟ್ಟೆ. ನೋಡಿದೆ. ಮತ್ತೆ ನೋಡಿದೆ.

ಎರಡೂ ಎಡಗೈ!

ನಾಲ್ಕು ಬೆರಳಿಗೆ ಒಂದು ಮನೆ, ಹೆಬ್ಬೆರಳಿಗೆ ಬೇರೆ ಮನೆ — ನಮ್ಮ ಕೈಗವಸು ಅಂದರೆ ಇಷ್ಟೇ. ಆ ಹೆಬ್ಬೆರಳಿನ ಮನೆಯನ್ನು ಎರಡರಲ್ಲೂ ಒಂದೇ ಕಡೆ ಕಟ್ಟಿಟ್ಟಿದ್ದೇನೆ. ತಪ್ಪು ನನ್ನದಲ್ಲ, ತಂಗಿ ಬಿರುಟಾಳದು. ಹೆಣೆಯುವಾಗಲೆಲ್ಲ ರೀಗಾದಿಂದ ಫೋನ್. "ಅಕ್ಕಾ, ಒಬ್ಬಳೇ ಇದ್ದೂ ಇದ್ದೂ ನಿನಗೆ ತಲೆ ಕೆಡುತ್ತೆ ನೋಡು." ನನಗೇನಾಗಿದೆ? ಗಂಡ ಹೋದ ಮೇಲೆ ಹಾಸಿಗೆಯಲ್ಲಿ ಅಡ್ಡಡ್ಡ ಮಲಗುತ್ತೇನೆ. ಊಟದ ಮೇಜಿನ ತುಂಬ ಉಣ್ಣೆ ಹರಡುತ್ತೇನೆ. ಕೇಳುವವರಿಲ್ಲ. ಪರಮಸುಖ.

ಬಿಚ್ಚಬೇಕು. ಮನಸ್ಸು ಬರಲಿಲ್ಲ. ಚೀಲದ ತಳಕ್ಕೆ ತುರುಕಿದೆ.

ನವೆಂಬರ್ 10, ಸಂಜೆ

ಕೂದಲಲ್ಲೆಲ್ಲ ಸಂತೆಯ ಬೆಂಕಿಯ ಹೊಗೆ ವಾಸನೆ. ತಲೆಯೂ ಬಿಸಿಯಾಗಿದೆ. ಕ್ರಮವಾಗಿ ಬರೆಯಬೇಕು.

ವ್ಯಾಪಾರ ಜೋರಾಗಿತ್ತು. ಪೇಟೆಯ ಹೆಂಗಸೊಬ್ಬಳು ಒಂದು ಗವಸನ್ನು ಒಳಗೆ ಹೊರಗೆ ತಿರುಗಿಸಿ, ಕೆನ್ನೆಗೊತ್ತಿಕೊಂಡು ಕೇಳಿದಳು.

"ಇದೆಲ್ಲಾ ಕೈಯಲ್ಲೇ ಮಾಡಿದ್ದಾ?"

"ಕಾಲಲ್ಲೂ ಮಾಡಿ ನೋಡ್ದೆ, ಸರಿ ಬರ್ಲಿಲ್ಲ."

ನಕ್ಕು ಎರಡು ಜೋಡಿ ಕೊಂಡಳು. ಜನ ಸಂತೆಗೆ ಬರುವುದೇ ಇದಕ್ಕೆ. ಅಂಗಡಿಯ ಗವಸಿನ ಜೊತೆ ಬೈಸಿಕೊಳ್ಳುವ ಭಾಗ್ಯ ಸಿಗುವುದಿಲ್ಲ.

ಪಕ್ಕದ ಸ್ಟಾಲ್ ಟಾಲಿಸ್‌ನದು. ಜುನಿಪರ್ ಮರದಲ್ಲಿ ಚಮಚ ಕೆತ್ತುತ್ತಾನೆ. ಅವನು ಕೆತ್ತುವಾಗ ಮೂಗಿಗೆ ಬರುವ ಪರಿಮಳಕ್ಕೇ ಅರ್ಧ ಜನ ನಿಲ್ಲುತ್ತಾರೆ. ಎಂಟು ಚಳಿಗಾಲ ಪಕ್ಕದಲ್ಲೇ ಕಳೆದಿದ್ದಾನೆ, ಆಡಿದ ಮಾತೆಲ್ಲ ಸೇರಿಸಿದರೂ ಒಂದು ಚಮಚ ತುಂಬುವುದಿಲ್ಲ. ನನ್ನ ಹಾಗೇ ಒಂಟಿ. ಇವತ್ತು ಹಿಮ ಬೀಳುತ್ತಿತ್ತು, ಆಸಾಮಿ ಬರಿಗೈ. ಬೆರಳೆಲ್ಲ ಬೀಟ್‌ರೂಟ್. ನೋಡಲಾಗಲಿಲ್ಲ. ಚೀಲದ ತಳದಿಂದ ಆ ಎಡವಟ್ಟು ಜೋಡಿ ತೆಗೆದು ಅವನ ಮೇಲೆ ಎಸೆದೆ.

"ಹಾಕ್ಕೊಳ್ರೀ. ಬೆರಳು ಉದುರಿದ್ರೆ ನಾನು ಗುಡಿಸಲ್ಲ."

ಎದುರಿಗೆ ಜೇನು ಮಾರುವ ಔಸ್ತ್ರಾ ಕಿರುಚಿದಳು ನೋಡು — "ಏಯ್! ವೆಲ್ತಕ್ಕ ಕೈಗವಸು ಕೊಟ್ಳು!"

ಆಗ ಹೊಳೆಯಿತು. ಅಜ್ಜಿಯರ ಕಾಲದಲ್ಲಿ ಹೆಣ್ಣು ಕೇಳಲು ಬಂದವರಿಗೆ ಹುಡುಗಿ ಬಾಯಿಬಿಟ್ಟು ಹೂಂ ಅನ್ನುತ್ತಿರಲಿಲ್ಲ. ಕೈಗವಸು ಕೊಡುತ್ತಿದ್ದಳು. ಕೊಟ್ಟರೆ ಮುಗಿಯಿತು. ಇಲ್ಲಿ ಯಾರೂ ನನ್ನನ್ನು ಕೇಳಿಯೇ ಇರಲಿಲ್ಲ!

ಇಡೀ ಸಾಲು ಚಪ್ಪಾಳೆ. ಕೋಳಿಯ ಮುಖವಾಡ ಹಾಕಿದ ಮಾರ್ತಿನ್ ವೇಷದವರು ನಮ್ಮಿಬ್ಬರ ಸುತ್ತ ಕುಣಿದರು. ಯಾರೋ ಬಿಯರ್ ತಂದರು. ಟಾಲಿಸ್ ಮಾತ್ರ ಗಂಭೀರವಾಗಿ ಗವಸು ಹಾಕಿಕೊಂಡ. ಎಡಗೈ ಸರಿ. ಬಲಗೈಯಲ್ಲಿ ಹೆಬ್ಬೆರಳಿನ ಮನೆ ಅಂಗೈ ಬಿಟ್ಟು ಕೈಯ ಬೆನ್ನ ಮೇಲೆ ನೇತಾಡುತ್ತಿತ್ತು. ನೋಡಿದ. ನನ್ನನ್ನು ನೋಡಿದ.

"ಬೆಚ್ಚಗಿದೆ" ಅಂದ.

ನವೆಂಬರ್ 11

ಬಿರುಟಾಳ ಫೋನ್. ಸಂತೆಯಲ್ಲಿ ಯಾರೋ ತೆಗೆದ ಫೋಟೋ ಆಗಲೇ ಫೇಸ್‌ಬುಕ್ಕಿನಲ್ಲಿದೆಯಂತೆ. "ಅಕ್ಕಾ, ಕಂಗ್ರಾಟ್ಸ್! ಆದ್ರೆ ಅದೇನೇ ಆ ಬಲಗೈ ಅವಸ್ಥೆ?"

ಮದುವೆ ಸುದ್ದಿ ಹಾಳಾಗಲಿ. ಆ ಹೆಬ್ಬೆರಳನ್ನು ಊರೆಲ್ಲ ನೋಡಿದೆ! ಅಮ್ಮನಿಂದ ಕಲಿತ ಕೆಲಸ. ವೆಲ್ತಾಳ ಗವಸು ಅಂದರೆ ತಿರುಗಿಸಿ ನೋಡಬೇಕಾಗಿಲ್ಲ ಅನ್ನುತ್ತಿದ್ದರು ಜನ. ಇನ್ನು ಮೊದಲು ಬಲಗೈ ತೋರಿಸಿ ಅನ್ನುತ್ತಾರೆ.

ವಾಪಸ್ ಇಸಿದುಕೊಳ್ಳಬೇಕು.

ಡಿಸೆಂಬರ್ 8

ಕ್ರಿಸ್‌ಮಸ್ ಸಂತೆ. ಹಾಕಿಕೊಂಡೇ ಬಂದಿದ್ದಾನೆ! ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದಾನೆ. "ನೋಡಿ, ಮಷೀನಿಗೆ ಇಂಥಾ ತಪ್ಪು ಮಾಡಕ್ಕೆ ಬರಲ್ಲ." ಅವರು ನಗುತ್ತಾರೆ, ಚಮಚ ಕೊಳ್ಳುತ್ತಾರೆ. ನನ್ನ ಮಾನ ಮಾರಿ ಅವನ ವ್ಯಾಪಾರ. ಮಾತಿಲ್ಲದವನಿಗೆ ಬಾಯಿ ಬಂದದ್ದೂ ಇದಕ್ಕೇ.

"ಕೊಡ್ರೀ ಅದನ್ನ ಇಲ್ಲಿ."

"ಕೊಟ್ಟದ್ದು ಕೊಟ್ಟಾಯ್ತಲ್ಲ."

"ಬೇರೆ ಒಳ್ಳೇ ಜೋಡಿ ಕೊಡ್ತೀನಿ."

"ಬೇಡ. ಇದಕ್ಕೊಂದು ಬಲಗೈ ಹೆಣೆದು ತನ್ನಿ. ಆಗ ಹೆಚ್ಚಿನ ಎಡಗೈ ವಾಪಸ್."

"ಎಲ್ಲರೆದುರು ಜೋಡಿ ಪೂರ್ತಿ ಮಾಡಿ ಕೊಟ್ರೆ ಏನರ್ಥ ಅಂತ ಗೊತ್ತು ತಾನೇ ನಿಮಗೆ?"

ಚಮಚ ಕೆತ್ತುತ್ತಲೇ ಹೇಳಿದ. "ಗೊತ್ತಿದ್ದೇ ಕೇಳ್ತಿರೋದು."

ಕೇಳಿದ್ದಾನೆ! ಈಗ ನಿಜವಾಗಿ ಕೇಳಿದ್ದಾನೆ. ಇಬ್ಬಂದಿಯಲ್ಲಿ ಸಿಕ್ಕಿಕೊಂಡೆ. ಹೆಣೆದರೆ ಹೂಂ ಅಂದ ಹಾಗೆ. ಹೆಣೆಯದಿದ್ದರೆ ಆ ಹೆಬ್ಬೆರಳು ಸಾಯುವವರೆಗೂ ನೇತಾಡುತ್ತದೆ. ಗವಸುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದೆ.

ಡಿಸೆಂಬರ್ 9

ಉಣ್ಣೆಯ ಪೆಟ್ಟಿಗೆ ಜಾಲಾಡಿದೆ. ಆ ಹಳದಿ ಮುಗಿದಿದೆ. ಒಂದೆಳೆಯೂ ಇಲ್ಲ. ಬರ್ಚ್ ಚಿಗುರಿ ಎಲೆ ಬಲಿಯುವುದು ಬೇಸಿಗೆಗೆ. ಅಲ್ಲಿಯವರೆಗೆ ಏನೂ ಮಾಡಲಾಗದು. ನನ್ನ ಕೈಯಲ್ಲಿಲ್ಲ!

ದೊಡ್ಡ ಸಮಾಧಾನವಾಯಿತು. ಆಮೇಲೆ ಯಾಕೋ ಬೇಜಾರೂ ಆಯಿತು. ಬೆಕ್ಕಿಗೆ ಸುಮ್ಮಸುಮ್ಮನೆ ಬೈದೆ.

ಫೆಬ್ರವರಿ 16

ಟಾಲಿಸ್ ಬಂದಿದ್ದ. ವ್ಯಾನಿನಿಂದ ಒಂದು ಉದ್ದನೆಯ ಕೋಲು ಇಳಿಸಿದ. ನುಣ್ಣಗೆ ಕೆತ್ತಿದ್ದು, ನನ್ನ ಕೈಗೆ ಅಳತೆ ತೆಗೆದ ಹಾಗಿದೆ. ಯಾವಾಗ ಅಳೆದನೋ.

"ಬಣ್ಣದ ಹಂಡೆ ಕಲಕಕ್ಕೆ."

"ಹಳದಿ ಮಾಡ್ತೀನಿ ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಕೋಲು ಇರ್ಲಿ."

ಬಟಾಣಿ ಸಾರು ಕೊಟ್ಟೆ. ಮೇಜಿನ ಮೇಲಿನ ಉಣ್ಣೆ ಸರಿಸಲು ಹೋದರೆ ಬೇಡ ಅಂದು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡ. ಎರಡು ಸಲ ಹಾಕಿಸಿಕೊಂಡ. ಗವಸಿನ ಮಾತೇ ಎತ್ತಲಿಲ್ಲ, ಆದರೆ ಹೊರಡುವಾಗ ಹಾಕಿಕೊಂಡ.

ಜೂನ್ 7

ಕೆರೆಯ ದಂಡೆಯ ದೊಡ್ಡ ಸಂತೆ. ವರ್ಷವೆಲ್ಲ ಕಾಯುವ ಸಂತೆ. ಬಿಸಿಲು, ಬುಟ್ಟಿಯವರು, ಮಡಕೆಯವರು, ಊರೂರಿನ ಹಾಡಿನವರು, ಜನಜಂಗುಳಿ.

ಟಾಲಿಸ್ ಬರಲಿಲ್ಲ.

ಅವನ ಜಾಗದಲ್ಲಿ ಯಾರೋ ಹುಡುಗಿ ಸಾಬೂನು ಮಾರುತ್ತಿದ್ದಳು. ಲ್ಯಾವೆಂಡರ್ ವಾಸನೆಗೆ ತಲೆನೋವು. ನಾನೊಂದು ಚಟಾಕಿ ಹಾರಿಸಿ ಅಭ್ಯಾಸಬಲದಿಂದ ಆ ಕಡೆ ತಿರುಗುವುದು, ಅಲ್ಲಿ ಸಾಬೂನು. ಎಂಟು ವರ್ಷದಿಂದ ನನ್ನ ಮಾತಿಗೆಲ್ಲ ಆತ ಮೀಸೆಯೊಳಗೆ ನಗುತ್ತಿದ್ದ ಅಂತ ಇವತ್ತು ಗೊತ್ತಾಯಿತು. ಗಿರಾಕಿಗಳನ್ನು ಬೈಯಲೂ ಉತ್ಸಾಹವಿಲ್ಲ. ಚಿಲ್ಲರೆ ತಪ್ಪಾಗಿ ಕೊಟ್ಟೆ.

ಕೊನೆಗೆ ನಾಚಿಕೆ ಬಿಟ್ಟು ಔಸ್ತ್ರಾಳನ್ನು ಕೇಳಿದೆ.

"ಜ್ವರ ಕಣಕ್ಕಾ, ಬರೀ ಜ್ವರ. ಮುಖ ಯಾಕೆ ಹಂಗೆ ಬಿಳಿಚ್ಕೊಂಡಿದೆ?"

"ಬಿಸಿಲು."

"ಹೂಂ ಹೂಂ, ಬಿಸಿಲೇ. ಬರ್ಚ್ ಎಲೆ ಬಲಿತಿದೆ, ನೋಡಿದ್ಯಾ?"

ನೋಡಿದ್ದೆ. ಒಂದು ವಾರದಿಂದ ನೋಡಿಯೂ ನೋಡದ ಹಾಗೆ ಓಡಾಡುತ್ತಿದ್ದೆ. ಸುಳ್ಳು ಯಾಕೆ, ಈ ಪುಸ್ತಕವನ್ನು ಯಾರು ಓದುತ್ತಾರೆ? ನನಗೆ ಅವನು ಬೇಕು. ಭಯವೂ ಆಗುತ್ತದೆ. ನನ್ನ ಮೇಜು, ನನ್ನ ಅಡ್ಡಡ್ಡ ಹಾಸಿಗೆ...

ಬಸ್ಸಿಳಿದವಳು ಮನೆಗೆ ಹೋಗಲಿಲ್ಲ. ದಾರಿಬದಿಯಲ್ಲೇ ಚೀಲ ತುಂಬ ಎಲೆ ಕಿತ್ತೆ.

ಜೂನ್ 9

ಬಿರುಟಾ ಬಂದಿದ್ದಾಳೆ. ಅಂಗಳದಲ್ಲಿ ಹಂಡೆ ಇಟ್ಟೆವು. ಅವನ ಕೋಲಿನಲ್ಲಿ ಅವಳೇ ಕಲಕಿದಳು.

"ಅಕ್ಕಾ, ಇದು ಹೋದ ವರ್ಷದ ಹಳದಿ ಅಲ್ಲ ಕಣೇ. ಸ್ವಲ್ಪ ಹಸಿರು ಹೊಡೀತಿದೆ."

"ಹೋದ ವರ್ಷದ ಎಲೆ ಎಲ್ಲಿಂದ ತರ್ಲಿ?"

"ಜೋಡಿ ಅಂದ್ರೆ ಒಂದೇ ಥರ ಇರ್ಬೇಕು ಅಂತ ಜನರ ತಲೆ ತಿಂತಿದ್ದವಳು ನೀನು!"

ಬಾಯಿ ಮುಚ್ಚಿಕೊಂಡು ಕಲಕು ಅಂದೆ. ಬಣ್ಣ ಚೆನ್ನಾಗಿದೆ. ಹೊಸದು, ಅಷ್ಟೇ.

ಜೂನ್ 20

ಟಾಲಿಸ್‌ನ ಫೋನ್. ಜ್ವರ ಹೋಗಿದೆ, ಕೆಮ್ಮು ಇದೆ.

"ಲೀಗೋ ಹಬ್ಬದ ಸಂಜೆ ಬರ್ಲಾ? ಜೀರಿಗೆ ಚೀಸ್ ಮಾಡಿದೀನಿ. ಔಸ್ತ್ರಾನೂ ಬರ್ತಾಳಂತೆ, ಬಿಯರ್ ಹಿಡ್ಕೊಂಡು."

ಸಾಕ್ಷಿಗಳನ್ನೂ ಹೊಂದಿಸಿದ್ದಾನೆ, ಕಳ್ಳ. ಇರುವುದನ್ನು ಇದ್ದ ಹಾಗೇ ಹೇಳಿಬಿಟ್ಟೆ.

"ನೋಡಿ, ನಾನು ಮನೆ ಬಿಟ್ಟು ಬರಲ್ಲ. ಮೇಜೂ ಖಾಲಿ ಮಾಡಲ್ಲ."

ಆ ಕಡೆ ಎರಡು ಸಲ ಕೆಮ್ಮಿದ.

"ವೆಲ್ತಾ, ಗವಸಲ್ಲಿ ಹೆಬ್ಬೆರಳಿಗೆ ಬೇರೆ ಮನೆ ಕಟ್ಟೋರು ನೀವೇ ಅಲ್ವಾ? ನಾನೂ ನನ್ನ ಮನೇಲಿ ಇರ್ತೀನಿ. ನಡೆದ್ರೆ ಅರ್ಧ ಗಂಟೆ. ಬಟಾಣಿ ಸಾರಿಗೆ ಬರ್ತೀನಿ."

ಅಳು ಬಂತು. ಕೆಮ್ಮು ಅಂದೆ, ನಿಮ್ಮದೇ ಅಂಟಿದೆ ಅಂದೆ. ಫೋನಿನಲ್ಲಿ ಹೇಗೆ ಅಂಟುತ್ತೆ ಅಂದ. ನಕ್ಕೆವು.

ಜೂನ್ 23, ಸಂಜೆ

ನಡುಬೇಸಿಗೆಯ ಹಬ್ಬ ಅಂತ ಬಿರುಟಾ ಬಾಗಿಲಿಗೆಲ್ಲ ಬರ್ಚ್ ಕೊಂಬೆ ಕಟ್ಟಿ, ಔಸ್ತ್ರಾಳನ್ನು ಕರೆದುಕೊಂಡು ಹೂ ಕೀಳಲು ಹೋಗಿದ್ದಾಳೆ. ಓಕ್ ಎಲೆಯ ದಂಡೆ ನಾನೇ ಕಟ್ಟಿಟ್ಟೆ, ಅವನ ತಲೆಗೆ. ಗವಸು ಮುಗಿಯುತ್ತಾ ಬಂತು, ಹೆಬ್ಬೆರಳು ಅರ್ಧವಾಗಿದೆ. ಸೂಜಿಗಳು ಸಿಕ್ಕಿಕೊಂಡೇ ಇವೆ. ಹೀಗೇ ಕೊಟ್ಟರೂ ಕೊಟ್ಟೆ. ಈ ಸಲ ಎಸೆಯುವುದಿಲ್ಲ.

ಹೆಬ್ಬೆರಳು ಬಲಗೈಯ ಕಡೆಗೇ ಇದೆ ತಾನೇ? ಇದೆ. ಇನ್ನೊಮ್ಮೆ ನೋಡಿದೆ. ಇದೆ.

ವ್ಯಾನ್ ಬಂದ ಸದ್ದು. ಬಾಗಿಲು ತಟ್ಟುತ್ತಿದ್ದಾನೆ. ಸದ್ದು ಯಾಕೋ ಮೆತ್ತಗಿದೆ... ಅಯ್ಯೋ, ಈ ಸೆಕೆಯಲ್ಲೂ ಆ ಗವಸು ಹಾಕಿಕೊಂಡೇ—